ಕಿಟ್ಟು ಸುಳ್ಳು ಹೇಳಿದಾಗ

ಮೀನಿನ ಕಿವಿ ಎತ್ತಿ ನೋಡಿದರೆ ಸಾಕು, ತಾಜಾ ಹೌದೋ ಅಲ್ಲವೋ ಉಚ್ಚಿಲದ ನಾವು ಹೇಳ್ತೇವೆ. ರಕ್ತ ಪರೀಕ್ಷೆಯ ಕಿಟ್ಟು ಕೆಟ್ಟರೆ ಕಣ್ಣಿಗೆ ಕಾಣುವುದಿಲ್ಲ.

2020ರ ಏಪ್ರಿಲ್. ಕೊರೊನಾ ಕಾಲ. ಬೇಗ ಪರೀಕ್ಷೆ ಮಾಡಲು ಚೀನಾದಿಂದ ಕಿಟ್ಟುಗಳು ಬಂದವು. ರಾಜಸ್ಥಾನದಲ್ಲಿ, ಕೊರೊನಾ ಇದ್ದವರಿಗೂ ಕಿಟ್ಟು "ಇಲ್ಲ" ಎಂದಿತು. ಅಂಥವರು ಎಲ್ಲರ ಜೊತೆ ಕೂತು ಉಂಡರೆ? ಮಾರ್ಕೆಟಿಗೆ ಹೋದರೆ?

ಐ.ಸಿ.ಎಂ.ಆರ್. ಎಂಬುದು ದೇಶದ ದೊಡ್ಡ ವೈದ್ಯಕೀಯ ಸಂಸ್ಥೆ. ಅದೂ ಪರೀಕ್ಷಿಸಿ ನೋಡಿತು. ಫಲಿತಾಂಶ ಒಂದೇ ತರ ಬರಲಿಲ್ಲ. ಏಪ್ರಿಲ್ 27ರಂದು ಎಲ್ಲ ರಾಜ್ಯಗಳಿಗೂ ಬರೆಯಿತು: ಈ ಎರಡು ಕಂಪೆನಿಗಳ ಕಿಟ್ಟು ಬಳಸಬೇಡಿ, ವಾಪಸು ಕೊಡಿ.

ಮನೆಯಲ್ಲಿ ಸಕ್ಕರೆ ಕಾಯಿಲೆ ನೋಡುವ ಸ್ಟ್ರಿಪ್ಪೂ ತೇವ ತಾಗಿದರೆ ಕೆಡುತ್ತದೆ. ನಮ್ಮದೋ ಕಡಲ ಗಾಳಿ! ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ಅಕ್ಕಾ. ಮೇಲಿನ ತಾರೀಕು ನೀವೇ ಓದಿ.