ಅಭಿಪ್ರೇರಣೆಯ ತ್ರಿಕೋನ: ಒಂದು ವಿಚಾರ

‘ಪ್ರೇರಣೆ’ ಎಂಬ ಶಬ್ದವು ‘ಪ್ರ’ ಉಪಸರ್ಗಪೂರ್ವಕವಾದ ‘ಈರ್’ ಧಾತುವಿನಿಂದ ನಿಷ್ಪನ್ನವಾದುದು. ಮುಂದಕ್ಕೆ ಚಲಿಸುವಂತೆ ಮಾಡುವುದೆಂದು ಅದರ ಅರ್ಥ. ಇದಕ್ಕೆ ‘ಅಭಿ’ ಸೇರಿಸಿ ನಮ್ಮ ಶಿಕ್ಷಕ ತರಬೇತಿಯ ಪಠ್ಯಗಳು ‘ಅಭಿಪ್ರೇರಣೆ’ ಎಂದಿವೆ. ಆ ಅಧ್ಯಾಯವನ್ನು ಓದಿದವರಿಗೆಲ್ಲ ಮ್ಯಾಸ್ಲೋ ಮಹಾಶಯನ ತ್ರಿಕೋನವು ಚಿರಪರಿಚಿತ. ತಳದಲ್ಲಿ ಅನ್ನಪಾನಾದಿಗಳು, ಅದರ ಮೇಲೆ ಸುರಕ್ಷೆ, ಬಳಿಕ ಪ್ರೀತಿ, ಗೌರವ, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಕೆಳಗಿನದು ಬಹುಮಟ್ಟಿಗೆ ತೀರಿದ ಮೇಲೆಯೇ ಮೇಲಿನದು ಮನುಷ್ಯನನ್ನು ಪ್ರೇರಿಸುವುದೆಂಬುದು ಅದರ ಸಾರ.

ಅಮೆರಿಕದ ಈ ಮನಶ್ಶಾಸ್ತ್ರಜ್ಞನು 1943ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತ್ರಿಕೋನದ ಚಿತ್ರವೇ ಇಲ್ಲ. ಅದನ್ನು ಮುಂದೆ ವ್ಯಾಪಾರಾಡಳಿತದ ಬರಹಗಾರರು ಎಳೆದರು. ಈ ಕ್ರಮಕ್ಕೆ ಅಪವಾದಗಳುಂಟೆಂದು ಆತನೇ ಅಲ್ಲಿ ಒಪ್ಪಿಕೊಂಡಿದ್ದಾನೆ. 1976ರಲ್ಲಿ ವಾಹ್ಬಾ ಮತ್ತು ಬ್ರಿಡ್‌ವೆಲ್ ಎಂಬ ವಿದ್ವಾಂಸರು ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಶ್ರೇಣಿಗೆ ದೊರೆಯುವ ಆಧಾರವು ಅತ್ಯಲ್ಪವೆಂದರು. 2011ರಲ್ಲಿ ಟೇ ಮತ್ತು ಡೀನರ್ 123 ದೇಶಗಳ ಜನರ ಉತ್ತರಗಳನ್ನು ಶೋಧಿಸಿದರು. ಅಗತ್ಯಗಳೇನೋ ಎಲ್ಲೆಡೆಯೂ ಇವೆ. ಆದರೆ ಒಂದು ತೀರದಿದ್ದರೂ ಮತ್ತೊಂದು ತನ್ನಷ್ಟಕ್ಕೆ ಬಾಳಿಗೆ ತೃಪ್ತಿ ಕೊಡುವುದೆಂದು ಕಂಡಿತು.

ನಾನು ತರಬೇತಿ ಪಡೆದ ಕಾಲಕ್ಕೆ ಮೊದಲನೆಯ ಪರಿಶೀಲನೆ ಹೊರಬಂದು ವರ್ಷಗಳೇ ಸಂದಿದ್ದವು. ನಮ್ಮ ತರಗತಿಗೆ ಅದರ ಸುದ್ದಿ ಬರಲಿಲ್ಲ; ತ್ರಿಕೋನ ಮಾತ್ರ ಬಂದಿತು. ಬರೆಯುವುದು ಸುಲಭ, ಅಂಕ ಕೊಡುವುದು ಇನ್ನೂ ಸುಲಭ. ಪರೀಕ್ಷೆಯಲ್ಲಿ ಬರೆದವನು ಮುಂದೆ ಅದನ್ನೇ ಬೋಧಿಸುತ್ತಾನೆ. ಜೊತೆಗೆ ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ ಈ ವಾದವು ಹೊಸತೆಂದೇ ತೋರುವುದಿಲ್ಲ.

ಶಬ್ದದ ವಂಚನೆಯೊಂದನ್ನೂ ಇಲ್ಲಿ ಹೇಳಬೇಕು. ತನ್ನಲ್ಲಿರುವ ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವುದು ಎಂಬುದಿಷ್ಟೇ ಮೂಲದ ಅಭಿಪ್ರಾಯ. ಅದಕ್ಕೆ ನಾವು ‘ಆತ್ಮಸಾಕ್ಷಾತ್ಕಾರ’ವೆಂಬ ದರ್ಶನಶಾಸ್ತ್ರದ ಪದವನ್ನು ತೊಡಿಸಿದೆವು. ಅನುಭಾವಿಗಳ ಗೌರವವೆಲ್ಲ ಆ ತ್ರಿಕೋನದ ತುದಿಗೆ ಸಂದಿತು, ಪ್ರಶ್ನಿಸುವವರು ಯಾರು? ಆದರೆ ನಮ್ಮ ಪರಂಪರೆ ಹೇಳುವುದು ಬೇರೆಯದನ್ನೇ. ನೆರೆಯ ರಾಯಚೂರು ಜಿಲ್ಲೆಯ ಅಮರೇಶ್ವರದವರೆನ್ನಲಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯಲ್ಲಿ, ಅಂದಂದಿನ ಅಕ್ಕಿಯನ್ನು ಆಯ್ದು ಬದುಕುವ ಗೃಹಿಣಿಯೇ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಪತಿಗೆ ಹೇಳುತ್ತಾಳೆ. ಆಕೆಯನ್ನು ಯಾವ ಮೆಟ್ಟಿಲಿನಲ್ಲಿ ನಿಲ್ಲಿಸುವುದು? 2002ರಲ್ಲಿ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟಕ್ಕೂ ‘ಅಕ್ಷರ ದಾಸೋಹ’ವೆಂದೇ ಹೆಸರಾಯಿತು, ಅನ್ನ ಮೊದಲು, ಅಕ್ಷರ ಆಮೇಲೆ ಎಂಬ ಭೇದ ಆ ಹೆಸರಿನಲ್ಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಹಿಂದೆ ನಾನಿದ್ದ ಶಾಲೆಯೊಂದಕ್ಕೆ ಕುಷ್ಟಗಿ ಕಡೆಯ ಮಳೆಯಾಶ್ರಿತ ಊರಿನಿಂದ ಬಾಲಕನೊಬ್ಬನು ಬಂದಿದ್ದನು. ತಂದೆತಾಯಿಗಳು ಗುಳೆ ಹೋಗಿದ್ದರು. ನನ್ನ ಗಮಕದ ತರಗತಿಗೆ ಅವನು ಹೆಸರು ಕೊಟ್ಟನು. “ಮೊದಲು ಅವನ ಊಟ, ವಸತಿ ನೆಲೆಗೊಳ್ಳಲಿ, ಕಾವ್ಯ ಆಮೇಲೆ” ಎಂದು ಸಹೋದ್ಯೋಗಿಗಳಿಗೆ ತ್ರಿಕೋನವನ್ನು ವಿವರಿಸಿ ಆ ಹೆಸರನ್ನು ಹೊಡೆದುಹಾಕಿದವನು ನಾನೇ. ಪ್ರಸಾದನಿಲಯದಲ್ಲಿ ಅವನಿಗೆ ಎರಡು ಹೊತ್ತಿನ ಊಟಕ್ಕೆ ಕೊರತೆಯಿರಲಿಲ್ಲ. ಆದರೂ ದೀಪಾವಳಿಯ ರಜೆಗೆ ಹೋದವನು ಮರಳಲಿಲ್ಲ. ಗಮಕವು ಅವನನ್ನು ಉಳಿಸುತ್ತಿತ್ತೋ ಇಲ್ಲವೋ, ಹೇಳಲಾರೆ. ಮರುವರ್ಷದಿಂದ ಆ ತರಗತಿಗೆ ಹೆಸರು ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದೇನೆ.