ಅಂಗಿಯ ಮೇಲೆ ಸಕ್ಕರೆ ಕಾಯಿಲೆ

ರಂಗಂಪೇಟೆಯ ಹುಡುಗರೇ, ಗೆಳೆಯನ ಹುಟ್ಟುಹಬ್ಬಕ್ಕೆ ಶುಗರ್ ಬಗ್ಗೆ ತಮಾಷೆಯ ಸಾಲು ಅಚ್ಚು ಹಾಕಿಸಿದ ಟೀ ಶರ್ಟ್ ತರಿಸುವ ಮೊದಲು ಒಂದು ಮಾತು. ಕಾಯಿಲೆ ಇರುವವರೇ ಅದನ್ನು ತೊಟ್ಟು ನಕ್ಕರೆ ಅದು ಅವರ ಹಕ್ಕು. ದಿನಾ ಸೂಜಿ ಚುಚ್ಚಿಕೊಳ್ಳುವವರಿಗೆ ಆ ನಗು ಧೈರ್ಯವನ್ನೂ ಕೊಡುತ್ತದೆ. ನೀವು ಕೊಡುವುದಾದರೆ ಮಾತ್ರ ಮೊದಲು ಅವರನ್ನೇ ಕೇಳಿ.

‘ಸಿಹಿ ತಿಂದು ತಂದುಕೊಂಡ’ ಎನ್ನುವ ಧಾಟಿಯದಂತೂ ಬೇಡವೇ ಬೇಡ. ಅದು ಸುಳ್ಳು. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಶಾಲೆಗೆ ಹೋಗುವ ಕೂಸಿಗೂ ಬರುತ್ತದೆ. ಕೂಸಿನ ತಪ್ಪಿಲ್ಲ, ತಾಯಿಯ ತಪ್ಪಿಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಸಲ ರೋಗಿಗೆ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2ಕ್ಕೂ ವಂಶ, ವಯಸ್ಸು, ತೂಕ ಎಲ್ಲ ಸೇರುತ್ತವೆ. ಮದುವೆ ತಪ್ಪೀತೆಂದು ಮಗಳ ಇನ್ಸುಲಿನ್ ಮುಚ್ಚಿಡುವ ಮನೆಗಳುಂಟು. ಬಜಾರದಲ್ಲಿ ಅಂಥ ಅಂಗಿ ಕಂಡರೆ ಆ ಹುಡುಗಿ ಇನ್ನಷ್ಟು ಮುಚ್ಚಿಡುತ್ತಾಳೆ, ಡೋಸ್ ತಪ್ಪಿಸುತ್ತಾಳೆ. ನನಗೆ ದಿಗಿಲಾಗುವುದು ಅದಕ್ಕೇ.

ಬರೆಸಲೇಬೇಕೆಂದರೆ ‘ನಾನು ನಡುಗಿದರೆ ಸಕ್ಕರೆ ಕೊಡಿ’ ಎಂದು ಬರೆಸಿ. ನಗುವೂ ಬರುತ್ತದೆ, ಜೀವವೂ ಉಳಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ತಡವರಿಕೆ ಶುರುವಾಗುತ್ತವೆ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಸುರಪುರದ ಆಸ್ಪತ್ರೆಗೆ ಒಯ್ಯಿರಿ.