ವಾದದ ಮರ್ಯಾದೆ ಮತ್ತು ಸತ್ಯಾಣುವ್ರತ

ಸಮಾಜವೆಂದ ಮೇಲೆ ಭಿನ್ನಾಭಿಪ್ರಾಯಗಳು ಅನಿವಾರ್ಯ. ಪರ್ವತಿಥಿಯ ನಿರ್ಣಯ, ಅಭಿಷೇಕದ ಕ್ರಮ, ದೇವದ್ರವ್ಯದ ವಿನಿಯೋಗ ಮೊದಲಾದವುಗಳಲ್ಲಿ ಶ್ರಾವಕರು ಒಮ್ಮತಕ್ಕೆ ಬಾರದಿರುವುದು ಹೊಸದಲ್ಲ. ವಸ್ತುವು ಅನೇಕಾಂತಾತ್ಮಕವೆಂದು ಬೋಧಿಸುವ ದರ್ಶನಕ್ಕೆ ಅಭಿಪ್ರಾಯಭೇದವು ದೋಷವಾಗಿ ಕಾಣದು. ಭೇದವನ್ನು ಬಗೆಹರಿಸುವ ಬಗೆ ಯಾವುದೆಂಬುದೇ ಪ್ರಶ್ನೆ. ಸಭೆಯಲ್ಲಿ ಗೆಲ್ಲುವುದೇ ಗುರಿಯೋ, ಸಭೆ ಮುಗಿದ ಮೇಲೂ ಒಂದೇ ಊರಿನಲ್ಲಿ ಕೂಡಿ ಬಾಳುವುದು ಗುರಿಯೋ?

ಜೈನ ನ್ಯಾಯಶಾಸ್ತ್ರವು ವಾದಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತದೆ: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ಹನ್ನೆರಡನೆಯ ಶತಮಾನದ ವಾದಿದೇವಸೂರಿಗಳು ‘ಪ್ರಮಾಣನಯತತ್ತ್ವಾಲೋಕ’ದ ಕೊನೆಯ ಪರಿಚ್ಛೇದದಲ್ಲಿ ಇವುಗಳ ಲಕ್ಷಣವನ್ನು ನಿರೂಪಿಸಿದ್ದಾರೆ. ಸಭ್ಯರು ಎರಡೂ ಪಕ್ಷಗಳ ಸಿದ್ಧಾಂತವನ್ನು ಬಲ್ಲವರೂ ಎರಡೂ ಪಕ್ಷಗಳಿಗೆ ಒಪ್ಪಿಗೆಯಾದವರೂ ಆಗಿರಬೇಕು. ಅವರಲ್ಲಿ ಪಾಂಡಿತ್ಯದೊಡನೆ ಕ್ಷಮೆಯೂ ಮಾಧ್ಯಸ್ಥ್ಯವೂ ಇರಬೇಕು. ಸಭಾಪತಿಗೂ ಈ ಎರಡು ಗುಣಗಳು ಅವಶ್ಯ. ಬಲ್ಲವನಾಗಿಯೂ ಕ್ಷಮೆಯಿಲ್ಲದವನು ಸಭ್ಯನ ಪೀಠಕ್ಕೆ ಅರ್ಹನಲ್ಲವೆಂಬುದು ಇದರ ತಾತ್ಪರ್ಯ.

ಇದೇ ವಾದಿದೇವಸೂರಿಗಳು ಅಣಹಿಲಪಾಟಕದಲ್ಲಿ ಸಿದ್ಧರಾಜ ಜಯಸಿಂಹನ ಆಸ್ಥಾನದಲ್ಲಿ ವಿಕ್ರಮ ಸಂವತ್ ೧೧೮೧ರಲ್ಲಿ ಕರ್ಣಾಟಕದಿಂದ ಬಂದ ದಿಗಂಬರ ವಿದ್ವಾಂಸ ಕುಮುದಚಂದ್ರರೊಡನೆ ವಾದಿಸಿದರು. ಕುಮುದಚಂದ್ರರು ಸೋತು ಗುರ್ಜರದೇಶವನ್ನು ಬಿಡಬೇಕಾಯಿತೆಂದು ಶ್ವೇತಾಂಬರ ಪ್ರಬಂಧಗಳು ಹೇಳುತ್ತವೆ. ಗೆದ್ದವರಾರೆಂಬುದು ಅಂದೇ ನಿರ್ಣಯವಾಯಿತು. ಆದರೆ ವಿವಾದದ ವಿಷಯವು ಒಂಬೈನೂರು ವರ್ಷಗಳಾದರೂ ಹಾಗೆಯೇ ಉಳಿದಿದೆ. ಸೋತವನು ದೂರ ಹೋದನೆಂಬ ಮಾತ್ರದಿಂದ ಭೇದವು ದೂರವಾಗುವುದಿಲ್ಲ.

ಇದಕ್ಕೆ ಭಿನ್ನವಾದ ನಿದರ್ಶನವು ಬೆಂಗಳೂರಿನ ಪಶ್ಚಿಮಕ್ಕಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಪಕ್ಕದಲ್ಲಿ ಹಾದುಹೋಗುವ ಮಾಗಡಿ ರಸ್ತೆಯ ಕೊನೆಯಲ್ಲಿ ಮಾಗಡಿ ಪಟ್ಟಣ, ಅದರ ಸಮೀಪದಲ್ಲಿ ಕಲ್ಯವೆಂಬ ಗ್ರಾಮ. ಶಾಸನಗಳಲ್ಲಿ ಇದರ ಹೆಸರು ಕಲ್ಲೆಹ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿ ಜೈನರ ನೆಲೆಯಿತ್ತು. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಭವ್ಯಜನರು ತಮಗಾದ ಅನ್ಯಾಯವನ್ನು ರಾಯನಲ್ಲಿ ಬಿನ್ನವಿಸಿಕೊಂಡರು. ತೀರ್ಪನ್ನು ಬರೆಸಿದ ಕಲ್ಲುಗಳು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿಯೂ ಕಲ್ಯದಲ್ಲಿಯೂ ಇವೆ.

ತೀರ್ಪು ಏಕಾಂತದಲ್ಲಿ ಆಗಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡಿನ ಶ್ರೀವೈಷ್ಣವರೂ ದೇವಾಲಯದ ಸೇವಕರೂ ತಿರಿಕುಲ ಜಾಂಬವಕುಲದವರೂ ಶಾಸನದಲ್ಲಿ ಉಲ್ಲೇಖಿತರಾಗಿದ್ದಾರೆ. ಅವರೆಲ್ಲರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ರಾಯನು ಸಾರಿದನು. ಪಂಚಮಹಾವಾದ್ಯಕ್ಕೂ ಕಲಶಕ್ಕೂ ಜೈನರಿಗೆ ಹಿಂದಿನಂತೆಯೇ ಹಕ್ಕು ಸಂದಿತು. ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸತಕ್ಕದ್ದೆಂದು ವಿಧಿಸಲಾಯಿತು.

ಮಾತಿನ ಮೇಲೆ ಹೊಣೆಯನ್ನೂ ಹೊರಿಸಲಾಯಿತು. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣ ಒಂದು ಪಕ್ಷದ್ದು, ಕಾಪಿನ ಹೊಣೆ ಮತ್ತೊಂದು ಪಕ್ಷದ್ದು. ರಕ್ಷಣೆಯ ವೆಚ್ಚವು ದೂರಿತ್ತವರ ಮೇಲೆಯೇ ಬಿದ್ದಿತೆಂಬುದನ್ನು ಮರೆಯಲಾಗದು. ಆದರೂ ಎದುರು ಪಕ್ಷವೇ ರಕ್ಷಕನಾಗಿ ನಿಂತದ್ದು ಈ ತೀರ್ಪಿನ ವಿಶೇಷ. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಶಾಸನವು ಎಚ್ಚರಿಸುತ್ತದೆ.

ತೀರ್ಪು ಒಮ್ಮೆ ಆದರೆ ಸಾಲದು, ಅದನ್ನು ಕಾಯುವವರು ಬೇಕು. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಲ್ಲಿ ಬಿನ್ನವಿಸಿ, ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ವಾದದಲ್ಲಿ ಗೆದ್ದವನಿಗಲ್ಲ, ಒಪ್ಪಂದವನ್ನು ಉಳಿಸಿದವನಿಗೆ ಆ ಗೌರವ ಸಂದಿತು.

ಶಾಸನದ ಕಾಲ ಶಕ ೧೨೯೦, ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿ, ಗುರುವಾರ, ಅಂದರೆ ಕ್ರಿ. ಶ. ೧೩೬೮. ಭಾದ್ರಪದ ಶುದ್ಧ ಪಂಚಮಿಯಿಂದ ಎಣಿಸಿದರೆ ದಶಮಿಯು ದಶಲಕ್ಷಣ ಪರ್ವದ ಆರನೆಯ ದಿನ, ಉತ್ತಮ ಸಂಯಮದ ದಿನ. ಉಪವಾಸ ಮಾಡುವ ವ್ರತಿಕರು ಅಂದು ಈ ಶಾಸನವನ್ನು ಸ್ಮರಿಸುವುದು ಯುಕ್ತ. ನಾಲಿಗೆಗೆ ಆಹಾರದಲ್ಲಿ ಸಂಯಮ ಬೇಕಾದಂತೆಯೇ ಮಾತಿನಲ್ಲಿಯೂ ಬೇಕು.

ಮಾತಿನ ಸಂಯಮಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತದ ಐದು ಭಾವನೆಗಳನ್ನು ವಿಧಿಸಿದೆ: ಕ್ರೋಧತ್ಯಾಗ, ಲೋಭತ್ಯಾಗ, ಭಯತ್ಯಾಗ, ಹಾಸ್ಯತ್ಯಾಗ ಹಾಗೂ ಅನುವೀಚಿಭಾಷಣ, ಎಂದರೆ ವಿಚಾರಿಸಿ ನುಡಿಯುವುದು. ಸಭೆಯಲ್ಲಿ ಕೋಪಗೊಂಡವನು ಎದುರಾಳಿಯ ಮಾತನ್ನು ತಿರುಚುತ್ತಾನೆ. ಲೋಭಿಯು ಲೆಕ್ಕವನ್ನು ಮರೆಮಾಡುತ್ತಾನೆ. ಅಂಜುವವನು ತಿಳಿದದ್ದನ್ನು ಹೇಳದೆ ಮನೆಗೆ ಹೋಗಿ ಗೊಣಗುತ್ತಾನೆ. ಪರಿಹಾಸ ಮಾಡುವವನು ಹಿರಿಯರ ಮನಸ್ಸನ್ನು ನೋಯಿಸಿ ಸಂಘವನ್ನು ಒಡೆಯುತ್ತಾನೆ. ಈ ನಾಲ್ಕನ್ನೂ ಬಿಟ್ಟವನಿಗೆ ಮಾತ್ರ ಐದನೆಯದು ಸಾಧ್ಯ.

ಆದುದರಿಂದ ಸತ್ಯಾಣುವ್ರತಿಯು ಸಂಘದ ಸಭೆಗೆ ಹೋಗುವಾಗ ಒಂದು ನಿಯಮವನ್ನು ತೆಗೆದುಕೊಳ್ಳಬಹುದು. ಎದುರು ಪಕ್ಷದ ಮಾತನ್ನು ಮೊದಲು ತಾನೇ ಹೇಳಿ, ಅದು ಸರಿಯಾಗಿದೆಯೆಂದು ಅವರಿಂದ ಒಪ್ಪಿಸಿಕೊಂಡು, ಬಳಿಕ ಉತ್ತರ ಕೊಡುವುದು. ತೀರ್ಮಾನವಾದ ಮೇಲೆ ಸೋತ ಪಕ್ಷಕ್ಕೆ ಏನು ಹಾನಿಯಾಯಿತೆಂದು ಗೆದ್ದವರೇ ಕೇಳಬೇಕು. ಹೀಗೆ ಕೇಳಿದವರಿಗೆ ಪರ್ವದ ಕೊನೆಯಲ್ಲಿ ಕ್ಷಮಾವಾಣಿಯು ಬಾಯಿಮಾತಾಗಿ ಉಳಿಯದು, ಅದು ಸಾರ್ಥಕವಾಗುವುದು.